ಬೇರಿನ ಗಂಟಿನಲ್ಲೊಂದು ಕೊಡು-ಕೊಳ್ಳುವಿಕೆ

ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಹುಬ್ಬಳ್ಳಿ ದಾಟಿ ಹಾವೇರಿಯತ್ತ ಹೊರಟರೆ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿ ಸಿಗುತ್ತದೆ. ಕಲಾವಿದ ಟಿ.ಬಿ. ಸೊಲಬಕ್ಕನವರ ಇಲ್ಲಿ ರೂಪಿಸಿದ ‘ಉತ್ಸವ’ ರಾಕ್ ಗಾರ್ಡನ್‌ನಲ್ಲಿ ಉತ್ತರ ಕರ್ನಾಟಕದ ಹಳ್ಳಿಯ ಬದುಕು ಶಿಲ್ಪವಾಗಿ ನಿಂತಿದೆ. ಅದು ನೆನಪಿಸುವ ಹಳೆಯ ಹಳ್ಳಿಯಲ್ಲಿ ಬಡಿಗ, ಕಮ್ಮಾರ ರೈತನ ಕೆಲಸ ಮಾಡಿಕೊಡುತ್ತಿದ್ದರು. ಸುಗ್ಗಿಯಲ್ಲಿ ರೈತ ಕಾಳು ಅಳೆದು ‘ಆಯ’ ಕೊಡುತ್ತಿದ್ದ. ಇಂಥದೇ ಒಂದು ಕೊಡು-ಕೊಳ್ಳುವಿಕೆ ಇದೇ ಸೀಮೆಯ ಹೊಲಗಳ ಮಣ್ಣಿನೊಳಗೆ ಇಂದಿಗೂ ನಡೆದಿದೆ. ಅಲ್ಲಿ ಅಳೆಯುವುದು ಕಾಳನ್ನಲ್ಲ, ಶಕ್ತಿಯನ್ನು.

ಶೇಂಗಾ ಅಥವಾ ಸೋಯಾ ಅವರೆಯ ಗಿಡವನ್ನು ಮೆಲ್ಲಗೆ ಕಿತ್ತು ನೋಡಿದರೆ ಬೇರಿನಲ್ಲಿ ಸಣ್ಣ ಗಂಟುಗಳು ಕಾಣುತ್ತವೆ. ಅವುಗಳಲ್ಲಿರುವುದು ರೈಜೋಬಿಯಂ ಜಾತಿಯ ಬ್ಯಾಕ್ಟೀರಿಯಾ. 1888ರಲ್ಲಿ ಹಾಲೆಂಡಿನ ಮಾರ್ಟಿನಸ್ ಬೈಜರಿಂಕ್ ಇವನ್ನು ಬೇರ್ಪಡಿಸಿ ಬೆಳೆಸಿ ತೋರಿಸಿದ. ಗಾಳಿಯಲ್ಲಿ ಶೇಕಡಾ 78ರಷ್ಟು ಸಾರಜನಕವಿದ್ದರೂ ಗಿಡ ಅದನ್ನು ನೇರವಾಗಿ ಬಳಸಲಾರದು. ಬ್ಯಾಕ್ಟೀರಿಯಾ ಅದನ್ನು ಗಿಡಕ್ಕೆ ಒಗ್ಗುವ ರೂಪಕ್ಕೆ ತರುತ್ತವೆ. ಪ್ರತಿಯಾಗಿ ಗಿಡ ಎಲೆಯಲ್ಲಿ ತಯಾರಾದ ಸಕ್ಕರೆಯ ಅಂಶವನ್ನು ಬೇರಿಗೆ ಇಳಿಸುತ್ತದೆ.

ದುಬಾರಿ ಕೆಲಸ

ಜೀವಕೋಶಗಳ ವ್ಯವಹಾರದಲ್ಲಿ ನಾಣ್ಯವಿದ್ದಂತೆ ‘ಎಟಿಪಿ’ ಎಂಬ ಅಣು. ಸಾರಜನಕದ ಒಂದು ಅಣುವನ್ನು ಒಡೆದು ಬದಲಿಸಲು ಕನಿಷ್ಠ 16 ಎಟಿಪಿ ಬೇಕು. ಇಷ್ಟು ಶಕ್ತಿ ಹುಟ್ಟಬೇಕಾದರೆ ಬ್ಯಾಕ್ಟೀರಿಯಾ ಉಸಿರಾಡಬೇಕು, ಅದಕ್ಕೆ ಆಮ್ಲಜನಕ ಬೇಕು. ಆದರೆ ಆಮ್ಲಜನಕ ಹೆಚ್ಚಾದರೆ ಸಾರಜನಕ ಒಡೆಯುವ ಕಿಣ್ವವೇ ಕೆಡುತ್ತದೆ. ಈ ಇಕ್ಕಟ್ಟಿಗೆ ಗಿಡವೇ ದಾರಿ ಮಾಡಿದೆ. ನಮ್ಮ ರಕ್ತದ ಹಿಮೋಗ್ಲೋಬಿನ್ನನ್ನು ಹೋಲುವ ಕೆಂಪು ವಸ್ತುವೊಂದು ಗಂಟಿನೊಳಗೆ ಆಮ್ಲಜನಕವನ್ನು ಹದವಾಗಿ ಹಂಚುತ್ತದೆ. ಚೆನ್ನಾಗಿ ದುಡಿಯುವ ಗಂಟನ್ನು ಸೀಳಿದರೆ ಒಳಗೆ ಕೆಂಪು ಬಣ್ಣ ಕಾಣುವುದು ಇದೇ ಕಾರಣಕ್ಕೆ.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಗಿಡದ ಸಕ್ಕರೆ ತಿಂದು, ಸಾರಜನಕ ಕೊಡದೆ, ತನ್ನ ಸಂತಾನವನ್ನಷ್ಟೇ ಬೆಳೆಸುವ ಸೋಮಾರಿ ಬ್ಯಾಕ್ಟೀರಿಯಾ ಗೆದ್ದುಬಿಡುವುದಿಲ್ಲವೇ?

2001ರಲ್ಲಿ ಫೈಫರ್, ಶುಸ್ಟರ್ ಮತ್ತು ಬಾನ್‌ಹಾಫರ್ ಎಂಬ ವಿಜ್ಞಾನಿಗಳು ಇಂಥ ಪ್ರಶ್ನೆಯನ್ನು ಶಕ್ತಿಯ ಲೆಕ್ಕದಲ್ಲೇ ನೋಡಿದರು. ಹುದುಗುವಿಕೆಯಲ್ಲಿ ಒಂದು ಗ್ಲೂಕೋಸ್ ಅಣುವಿಗೆ ಸಿಗುವುದು ಎರಡೇ ಎಟಿಪಿ, ಆದರೆ ಬೇಗ ಸಿಗುತ್ತದೆ. ಉಸಿರಾಟದಲ್ಲಿ ಸುಮಾರು 30 ಸಿಗುತ್ತದೆ, ಆದರೆ ನಿಧಾನ. ಊರ ಕೆರೆಗೆ ಒಬ್ಬ ದೊಡ್ಡ ಪಂಪು ಇಟ್ಟರೆ ಹಿತಮಿತವಾಗಿ ಬಳಸುವವನಿಗೆ ನೀರು ಉಳಿಯದು. ಹಾಗೆಯೇ ಎಲ್ಲರೂ ಹಂಚಿಕೊಳ್ಳುವ ಆಹಾರದಲ್ಲಿ ಆತುರದ ಜೀವಿ ಗೆಲ್ಲುತ್ತದೆ, ಗುಂಪು ಸೋಲುತ್ತದೆ. ಮಿತವ್ಯಯಿಗಳು ಒತ್ತಟ್ಟಿಗೆ ಬಾಳುವ ಕಡೆ ಮಾತ್ರ ಉಳಿತಾಯದ ಫಲ ಅವುಗಳಿಗೇ ದಕ್ಕುತ್ತದೆ. ಈ ದೃಷ್ಟಿಯಲ್ಲಿ ನಿಧಾನವಾಗಿ ಉಣ್ಣುವುದೂ ಒಂದು ಸಹಕಾರವೇ.

ಉಸಿರು ಬಿಗಿಯುವ ಶಿಕ್ಷೆ

ಸೋಯಾ ಅವರೆ ಗಿಡ ಇನ್ನೊಂದು ಉಪಾಯ ಹೂಡಿದೆ. 2003ರಲ್ಲಿ ಟೋಬಿ ಕೀರ್ಸ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಗಂಟುಗಳ ಸುತ್ತಲಿನ ಗಾಳಿಯಿಂದ ಸಾರಜನಕವನ್ನು ತೆಗೆದು, ಬ್ಯಾಕ್ಟೀರಿಯಾ ಬೇಕೆಂದರೂ ದುಡಿಯಲಾಗದಂತೆ ಮಾಡಿದರು. ಅಂಥ ಗಂಟುಗಳಲ್ಲಿ ಬ್ಯಾಕ್ಟೀರಿಯಾ ಸಂಖ್ಯೆ ಸುಮಾರು ಅರ್ಧಕ್ಕೆ ಇಳಿಯಿತು. ಗಿಡ ಆ ಗಂಟುಗಳಿಗೆ ಆಮ್ಲಜನಕದ ಸರಬರಾಜನ್ನೇ ಕಡಿಮೆ ಮಾಡಿದ ಸೂಚನೆಗಳು ದೊರೆತವು. ದುಡಿಯದವನಿಗೆ ಆಯವಿಲ್ಲ!

ಇನ್ನೂ ಹಳೆಯ ಒಪ್ಪಂದವೊಂದು ನಮ್ಮ ಮೈಯಲ್ಲೇ ಇದೆ. ಜೀವಕೋಶಗಳಿಗೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾ ಒಂದು ಕಾಲಕ್ಕೆ ಸ್ವತಂತ್ರ ಬ್ಯಾಕ್ಟೀರಿಯಾ ಆಗಿತ್ತೆಂದು ಲಿನ್ ಮಾರ್ಗುಲಿಸ್ 1967ರಲ್ಲಿ ಪ್ರತಿಪಾದಿಸಿದರು. ಆಗ ಹಲವರು ನಂಬಲಿಲ್ಲ. ಇಂದು ಅದು ಪಠ್ಯಪುಸ್ತಕದ ಪಾಠ.

ಗೊಟಗೋಡಿಯ ಸುತ್ತಿನ ರೈತರಿಗೆ ಇದು ಬರೀ ಪಾಠವಲ್ಲ. 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರಕ್ಕಾಗಿ ಬೀದಿಗಿಳಿದ ರೈತರ ಮೇಲೆ ಗೋಲಿಬಾರ್ ನಡೆದು ಇಬ್ಬರು ಪ್ರಾಣ ಕಳೆದುಕೊಂಡರು. ಚೀಲದ ಗೊಬ್ಬರಕ್ಕೆ ಬೇಸಾಯ ಎಷ್ಟು ಕಟ್ಟುಬಿದ್ದಿದೆ ಎಂಬುದು ಅಂದು ಕಂಡಿತು. ಎಲ್ಲ ಬೆಳೆಗೂ ಬೇರಿನ ಗಂಟು ಉತ್ತರವಲ್ಲ. ಗೋವಿನಜೋಳಕ್ಕೆ ಗಂಟೇ ಇಲ್ಲ. ಆದರೆ ಕಾಳಿನ ಬೆಳೆಗೆ ಯೂರಿಯಾ ಅತಿಯಾಗಿ ಸುರಿದರೆ ಗಿಡ ಗಂಟು ಕಟ್ಟುವುದನ್ನೇ ಕಡಿಮೆ ಮಾಡುತ್ತದೆ. ಸಾರಜನಕ ಪುಕ್ಕಟೆ ಸಿಕ್ಕಾಗ ಸಕ್ಕರೆ ಕೊಟ್ಟು ಕೊಳ್ಳುವುದೇಕೆ? ಬಿತ್ತನೆಗೆ ಮೊದಲು ಬೀಜಕ್ಕೆ ಬೆಲ್ಲದ ಅಂಟಿನೊಡನೆ ರೈಜೋಬಿಯಂ ಲೇಪಿಸಿರೆಂದು ಕೃಷಿ ತಜ್ಞರು ಹೇಳುವುದು ಈ ಹಳೆಯ ನಂಟು ಕಡಿಯದಿರಲೆಂದೇ.