ಮುಚ್ಚಿದ ಅಕ್ಷರಗಳ ಆಟ

ಪದದ ಅಕ್ಷರಗಳನ್ನು ಮುಚ್ಚಿಟ್ಟು, ಒಂದೊಂದಾಗಿ ಊಹಿಸಿ ತೆರೆಯುವ ಆಟವನ್ನು ಕಪ್ಪುಹಲಗೆಯ ಮೇಲೆ ಆಡದ ವಿದ್ಯಾರ್ಥಿಗಳು ವಿರಳ. ಪ್ರೋಗ್ರಾಮಿಂಗ್ ಕಲಿಯಲು ಹೊರಟವರಿಗೆ ಮೊದಲ ಪ್ರಾಜೆಕ್ಟ್ ಆಗಿ ಅನೇಕ ಕಡೆ ಕೊಡುವುದೂ ಇದನ್ನೇ. ಪುಸ್ತಕದಲ್ಲಿರುವ ಇಂಗ್ಲಿಷ್ ಉದಾಹರಣೆ ತೊಡಕಿಲ್ಲದೆ ನಡೆಯುತ್ತದೆ. ಅದೇ ಪ್ರೋಗ್ರಾಮಿಗೆ ಕೊಳ್ಳೇಗಾಲ ತಾಲ್ಲೂಕಿನ ಕುಂತೂರಿನ ಹೆಸರನ್ನು ಕೊಟ್ಟು ನೋಡಿ. ಪರದೆಯ ಮೇಲೆ ಮೂರು ಗೆರೆಗಳು ಮೂಡಬೇಕಾದಲ್ಲಿ ಏಳು ಗೆರೆಗಳು ಮೂಡುತ್ತವೆ! ಕನ್ನಡ ಕಂಪ್ಯೂಟರಿಗೆ ಒಗ್ಗದು ಎಂದು ಇಲ್ಲಿಯೇ ಕೈಚೆಲ್ಲಿ ಇಂಗ್ಲಿಷಿಗೆ ಮರಳುವವರುಂಟು. ಹಾಗೆ ಮರಳಲು ಕಾರಣವೇ ಇಲ್ಲ.

ಏಳು ಎಂಬ ಉತ್ತರ ಎಲ್ಲಿಂದ ಬಂತು? 1991ರಲ್ಲಿ ಪ್ರಕಟವಾದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳನ್ನು ಮೀಸಲಿಡಲಾಯಿತು. ನಮ್ಮ ಗುಣಿತಾಕ್ಷರ, ಒತ್ತಕ್ಷರಗಳನ್ನೆಲ್ಲ ಲೆಕ್ಕ ಹಾಕಿದರೆ ಸಾವಿರಾರು ಆಗುತ್ತವೆ. ಒಂದೊಂದಕ್ಕೂ ಪ್ರತ್ಯೇಕ ಸಂಖ್ಯೆ ಕೊಡುವ ಬದಲು ಮೂಲಾಕ್ಷರಕ್ಕೆ ಒಂದು, ಕೊಂಬಿಗೆ ಒಂದು, ಸೊನ್ನೆಗೆ ಒಂದು ಎಂದು ಸಂಖ್ಯೆ ಕೊಟ್ಟರು. ಆದ್ದರಿಂದ 'ಕುಂ' ಎಂಬುದು ಯಂತ್ರಕ್ಕೆ ಮೂರು ಸಂಕೇತ, 'ತೂ' ಎರಡು, 'ರು' ಎರಡು. ಪೈಥಾನ್ ಭಾಷೆಯಲ್ಲಿ ಪದದ ಉದ್ದ ಕೇಳಿದಾಗ ಸಿಗುವುದು ಈ ಸಂಕೇತಗಳ ಎಣಿಕೆ. ಯಂತ್ರ ಸುಳ್ಳು ಹೇಳಲಿಲ್ಲ. ನಾವು ಬೇರೆಯದನ್ನು ಕೇಳಿದೆವು, ಅಷ್ಟೆ. ಉತ್ಪಲಮಾಲೆಯ ಸಾಲಿಗೆ 20 ಅಕ್ಷರ ಎಂದು ತರಗತಿಯಲ್ಲಿ ಎಣಿಸುವಾಗ ಯಾರೂ ಕೊಂಬನ್ನು ಬೇರೆಯಾಗಿ ಎಣಿಸುವುದಿಲ್ಲವಷ್ಟೆ. ಆ ಎಣಿಕೆಯನ್ನೇ ಯಂತ್ರಕ್ಕೂ ಕಲಿಸಬೇಕು.

ಕಲಿಸುವುದು ಕಷ್ಟವಲ್ಲ. ಪದದ ಸಂಕೇತಗಳನ್ನು ಎಡದಿಂದ ಒಂದೊಂದಾಗಿ ಓದಿರಿ. ಬಂದದ್ದು ಸ್ವರಚಿಹ್ನೆ, ಅನುಸ್ವಾರ, ವಿಸರ್ಗ ಅಥವಾ ಹಲಂತ ಚಿಹ್ನೆಯಾದರೆ ಅದನ್ನು ಹಿಂದಿನ ಅಕ್ಷರಕ್ಕೇ ಅಂಟಿಸಿ. ಹಿಂದಿನದು ಹಲಂತದಲ್ಲಿ ಮುಗಿದಿದ್ದರೆ ಈಗ ಬಂದ ವ್ಯಂಜನವೂ ಅದಕ್ಕೇ ಸೇರಲಿ. 'ಳ್ಳೇ' ಹಾಗೆ ಕೂಡಿಕೊಳ್ಳುತ್ತದೆ. ಉಳಿದಂತೆ ಹೊಸ ಅಕ್ಷರ ಆರಂಭ. ('ರಾಜ್‌ಕುಮಾರ್' ಎಂದು ಬಿಡಿಸಿ ಬರೆದಾಗ 'ಜ್' ಆದ ಮೇಲೆ ಕಣ್ಣಿಗೆ ಕಾಣದ ಒಂದು ಸಂಕೇತ ಇರುತ್ತದೆ. ಅದನ್ನೂ ಹಿಂದಿನದಕ್ಕೇ ಅಂಟಿಸಿದರೆ 'ಕು' ತಾನಾಗಿ ಬೇರೆಯಾಗುತ್ತದೆ.) ಈಗ ಪಟ್ಟಿ ಸಿದ್ಧ: ಕುಂ, ತೂ, ರು.

ಇನ್ನು ಮುಚ್ಚುವ ಕೆಲಸ. ಅಕ್ಷರವನ್ನು ಅಳಿಸಿ ಆ ಜಾಗದಲ್ಲಿ ಗೆರೆ ಬರೆಯುವುದು ಹೊಸಬರು ಮಾಡುವ ತಪ್ಪು. ಅಳಿಸಿದ್ದನ್ನು ಮತ್ತೆ ತೋರಿಸುವುದು ಎಲ್ಲಿಂದ? ಬರೆದ ಹಾಳೆಯ ಮೇಲೆ ಕಿಟಕಿಗಳಿರುವ ರಟ್ಟು ಇಟ್ಟಂತೆ ಯೋಚಿಸಿ. ಹಾಳೆ ಹಾಗೆಯೇ ಇರುತ್ತದೆ, ತೆರೆದು ಮುಚ್ಚುವುದು ಕಿಟಕಿ ಮಾತ್ರ. ಮೂರು ಅಕ್ಷರಗಳ ಪಟ್ಟಿಗೆ ಸರಿಸಮನಾಗಿ 'ಇಲ್ಲ, ಇಲ್ಲ, ಇಲ್ಲ' ಎಂಬ ಇನ್ನೊಂದು ಪಟ್ಟಿ ಇಡಿ. ಆಡುವವರು 'ರ' ಎಂದರೆ, 'ರ'ದಿಂದ ಆರಂಭವಾಗುವ ಅಕ್ಷರದ ಎದುರು 'ಹೌದು' ಎಂದಾಗಲಿ. ತೋರಿಸುವಾಗ 'ಹೌದು' ಇದ್ದಲ್ಲಿ ಅಕ್ಷರ, 'ಇಲ್ಲ' ಇದ್ದಲ್ಲಿ ಗೆರೆ. 'ರು' ಎಂದೇ ಊಹಿಸಬೇಕೆಂಬ ನಿಯಮವನ್ನೂ ಮಾಡಬಹುದು. ಆದರೆ ಆಟ ವಿಪರೀತ ಕಠಿಣವಾಗುತ್ತದೆ, ಮಕ್ಕಳು ಎದ್ದು ಹೋಗುತ್ತಾರೆ.

ಊರುಗಳ ಪಟ್ಟಿಯನ್ನು ಸೋಸುವಾಗಲೂ ಇದೇ ಎಚ್ಚರ ಬೇಕು. ಕುಂತೂರು, ಹನೂರು, ಯಳಂದೂರು, ಕೊಳ್ಳೇಗಾಲ - ಇವುಗಳಲ್ಲಿ ಮೂರಕ್ಷರದವು ಮಾತ್ರ ಬೇಕು ಎನ್ನೋಣ. ಸಂಕೇತಗಳ ಲೆಕ್ಕದಲ್ಲಿ ಕುಂತೂರು, ಯಳಂದೂರು ಎರಡೂ ಏಳೇ. ಅಕ್ಷರದ ಲೆಕ್ಕದಲ್ಲಿ ಒಂದು ಮೂರು, ಇನ್ನೊಂದು ನಾಲ್ಕು. ಎಣಿಕೆ ಸರಿಯಾದ ಮೇಲೂ ಒಂದು ಗುಂಡಿ ಉಳಿದಿದೆ. ಪಟ್ಟಿಯನ್ನು ಓದುತ್ತಾ ಓದುತ್ತಾ ಅದರಿಂದಲೇ ಬೇಡದ್ದನ್ನು ತೆಗೆಯಹೊರಟರೆ, ಮೂರನೆಯ ಸ್ಥಾನದ ಯಳಂದೂರು ಹೋದೊಡನೆ ಕೊಳ್ಳೇಗಾಲ ಆ ಸ್ಥಾನಕ್ಕೆ ಜರುಗುತ್ತದೆ. ಪ್ರೋಗ್ರಾಮ್ ನಾಲ್ಕನೆಯ ಸ್ಥಾನವನ್ನು ನೋಡುತ್ತದೆ, ಅಲ್ಲಿ ಏನೂ ಇರುವುದಿಲ್ಲ. ನಾಲ್ಕಕ್ಷರದ ಕೊಳ್ಳೇಗಾಲ ಪರೀಕ್ಷೆಯಿಲ್ಲದೆ ಪಾರಾಗುತ್ತದೆ! ದೋಷದ ಸೂಚನೆ ಸಹ ಬರುವುದಿಲ್ಲ. ಹಳೆಯ ಪಟ್ಟಿಯನ್ನು ಮುಟ್ಟದೆ, ಬೇಕಾದ ಹೆಸರುಗಳನ್ನು ಹೊಸ ಪಟ್ಟಿಗೆ ಸೇರಿಸುತ್ತಾ ಹೋಗಿ. ಆಗ ಕುಂತೂರು, ಹನೂರು ಎರಡೇ ಉಳಿಯುತ್ತವೆ.