‘ಔಟ್ ಆಫ್ ಸ್ಟೇಷನ್’ ಎಂದರೆ ಎಲ್ಲಿಗೆ ಹೋದಂತೆ?



ಬೆಂಗಳೂರಿನ ಓಕಳಿಪುರಂನಲ್ಲಿ ನಿಂತು ಯಾರನ್ನಾದರೂ ‘ಸ್ಟೇಷನ್ನಿಗೆ ಹೇಗೆ ಹೋಗಬೇಕು?’ ಎಂದು ಕೇಳಿ ನೋಡಿ. ರೈಲು ಹಳಿಗಳ ಮಗ್ಗುಲಲ್ಲೇ ಇರುವ ಬಡಾವಣೆ ಅದು. ಸಿಟಿ ರೈಲ್ವೆ ಸ್ಟೇಷನ್, ಅಂದರೆ ಇಂದಿನ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ನಿಲ್ದಾಣದ ದಾರಿಯನ್ನು ಅವರು ತೋರಿಸುತ್ತಾರೆ. ಅದೇ ಜನರ ಮುಂದೆ ‘ಅವನನ್ನು ಸ್ಟೇಷನ್ನಿಗೆ ಕರೆಸಿದರಂತೆ’ ಎಂದರೆ ಅವರ ಮನಸ್ಸಿಗೆ ಬರುವುದು ಪೊಲೀಸ್ ಠಾಣೆ. ‘ಅಪ್ಪ ಔಟ್ ಆಫ್ ಸ್ಟೇಷನ್’ ಎಂದಾಗ ರೈಲೂ ಇಲ್ಲ, ಪೊಲೀಸರೂ ಇಲ್ಲ. ಅಪ್ಪ ಊರಿನಲ್ಲಿ ಇಲ್ಲ, ಅಷ್ಟೆ. ಒಂದೇ ಶಬ್ದಕ್ಕೆ ಇಷ್ಟು ಅರ್ಥಗಳು ಬಂದದ್ದು ಹೇಗೆ?

ಮೊದಲು ಶಬ್ದದ ಬೇರನ್ನು ನೋಡೋಣ. ‘ನಿಲ್ಲು’ ಎಂಬ ಅರ್ಥವುಳ್ಳ ಲ್ಯಾಟಿನ್ ಧಾತುವಿನಿಂದ ‘ಸ್ಟೇಷನ್’ ಹುಟ್ಟಿದೆ. ಸಂಸ್ಕೃತದ ‘ಸ್ಥಾ’ ಧಾತುವೂ ಅದೇ ಭಾಷಾಕುಟುಂಬದ್ದು, ಅದೇ ಅರ್ಥದ್ದು. ಆ ಧಾತುವಿನಿಂದ ಬಂದದ್ದು ‘ಸ್ಥಾನ’. ‘ಸ್ಥಾನ’ದಿಂದಲೇ ‘ಠಾಣೆ’ ಬಂತು, ‘ತಾಣ’ವೂ ಬಂತು. ಕನ್ನಡದ ‘ನಿಲ್’ ಜೊತೆಗೆ ಈ ‘ತಾಣ’ ಸೇರಿ ‘ನಿಲ್ದಾಣ’ವಾಯಿತು. ತಕಾರಕ್ಕೆ ದಕಾರ ಬಂದಿರುವುದನ್ನು ಗಮನಿಸಿ. ನೀವು ವ್ಯಾಕರಣದಲ್ಲಿ ಓದಿದ ಆದೇಶ ಸಂಧಿ ಇದೇ. ಹೀಗೆ ಸ್ಟೇಷನ್, ಠಾಣೆ, ನಿಲ್ದಾಣ ಈ ಮೂರೂ ದೂರದ ನೆಂಟರು.

ಆದರೆ ಬಳಕೆಯಲ್ಲಿ ಒಂದು ವ್ಯತ್ಯಾಸವಿದೆ. ಒಬ್ಬ ವ್ಯಕ್ತಿಗೋ ಒಂದು ಕೆಲಸಕ್ಕೋ ಗೊತ್ತುಮಾಡಿದ ಜಾಗವನ್ನು ಇಂಗ್ಲಿಷ್ ‘ಸ್ಟೇಷನ್’ ಎಂದು ಕರೆಯುತ್ತದೆ. ಕನ್ನಡವಾದರೋ ಅಲ್ಲಿ ನಡೆಯುವ ಕೆಲಸವನ್ನು ನೋಡಿ ಬೇರೆಬೇರೆ ಹೆಸರು ಕೊಡುತ್ತದೆ. ರೈಲು ಬಂದು ನಿಂತರೆ ನಿಲ್ದಾಣ. ಪೊಲೀಸರೋ ಅಗ್ನಿಶಾಮಕ ದಳದವರೋ ಇದ್ದರೆ ಠಾಣೆ. ಬಾನುಲಿ ಪ್ರಸಾರವಾದರೆ, ವಿದ್ಯುತ್ ಉತ್ಪಾದನೆಯಾದರೆ ಕೇಂದ್ರ. 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಕಳಿಸಿದ ಶಿವನಸಮುದ್ರವನ್ನು ನಾವು ವಿದ್ಯುತ್ ನಿಲ್ದಾಣ ಎನ್ನುವುದಿಲ್ಲ. ಇನ್ನು ‘ಹಿಲ್ ಸ್ಟೇಷನ್’ ಎಂಬುದು ಗಿರಿಧಾಮ. ಆದ್ದರಿಂದ ಅನುವಾದ ಮಾಡುವಾಗ ಶಬ್ದಕ್ಕೆ ಶಬ್ದ ಇಟ್ಟರೆ ಸಾಲದು. ಆ ಜಾಗದಲ್ಲಿ ಏನು ನಡೆಯುತ್ತದೆ ಎಂದು ಕೇಳಿಕೊಳ್ಳಬೇಕು.

ಈಗ ‘ಔಟ್ ಆಫ್ ಸ್ಟೇಷನ್’ಗೆ ಬರೋಣ. ಬ್ರಿಟಿಷರ ಕಾಲದಲ್ಲಿ ಅಧಿಕಾರಿ ಅಥವಾ ಸೈನ್ಯದ ತುಕಡಿಯನ್ನು ನೇಮಿಸಿದ ಊರಿಗೆ ‘ಸ್ಟೇಷನ್’ ಎಂಬ ಹೆಸರಿತ್ತು. ಇದಕ್ಕೆ ಉದಾಹರಣೆ ಹುಡುಕಿಕೊಂಡು ನಾವು ಬೆಂಗಳೂರು ಬಿಟ್ಟು ಹೋಗಬೇಕಾಗಿಲ್ಲ. 1809ರಲ್ಲಿ ಇಲ್ಲಿ ದಂಡುಪ್ರದೇಶ ನೆಲೆಗೊಂಡಿತು. 1881ರಲ್ಲಿ ಮೈಸೂರು ರಾಜ್ಯವನ್ನು ಒಡೆಯರಿಗೆ ಹಿಂತಿರುಗಿಸಿದಾಗಲೂ ಬ್ರಿಟಿಷರು ಆ ಭಾಗವನ್ನು ತಮ್ಮ ಆಡಳಿತದಲ್ಲೇ ಇಟ್ಟುಕೊಂಡರು. ಅದರ ಹೆಸರು ‘ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್’. ಅದು ಮೈಸೂರಿಗೆ ಮರಳಿದ್ದು 1947ರಲ್ಲಿ. ಓಕಳಿಪುರಂ ಇರುವ ಪೇಟೆಯ ಕಡೆಯ ಬೆಂಗಳೂರು ಈ ಸ್ಟೇಷನ್ನಿನ ಹೊರಗಿತ್ತು! ಅಲ್ಲಿ ರೈಲ್ವೆ ಸ್ಟೇಷನ್ ಇದ್ದರೂ ಆಡಳಿತದ ಮಾತಿನಲ್ಲಿ ‘ಸ್ಟೇಷನ್’ ಎಂದರೆ ದಂಡು.

ನೇಮಿಸಿದ ಊರನ್ನು ಬಿಟ್ಟು ಹೋದವನು ‘ಔಟ್ ಆಫ್ ಸ್ಟೇಷನ್’. ಇಂದಿಗೂ ಸರ್ಕಾರಿ ನೌಕರರು ‘ಕೇಂದ್ರಸ್ಥಾನ ಬಿಡಲು ಅನುಮತಿ’ ಕೋರುತ್ತಾರಲ್ಲ, ಅದರ ಹಿಂದಿರುವುದೂ ಇದೇ ಭಾವನೆ. ಕಚೇರಿಯ ಈ ಮಾತು ಕ್ರಮೇಣ ಮನೆಮನೆಗೂ ಬಂತು. ಯಾವ ಹುದ್ದೆಯಲ್ಲೂ ಇಲ್ಲದ ಅಜ್ಜಿ ಮಗಳ ಮನೆಗೆ ಹೋದರೂ ‘ಔಟ್ ಆಫ್ ಸ್ಟೇಷನ್’ ಆದರು.

ಹಾಗಾದರೆ ಈ ಪ್ರಯೋಗ ತಪ್ಪೇ? ಭಾರತದ ಇಂಗ್ಲಿಷಿನಲ್ಲಿ ಇದು ನೆಲೆಯೂರಿದ ಪ್ರಯೋಗ. ಇಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ. ಆದರೆ ಹೊರದೇಶದ ವಿಶ್ವವಿದ್ಯಾಲಯಕ್ಕೆ ನೀವು ಅರ್ಜಿ ಹಾಕಿದ್ದೀರಿ ಎನ್ನಿ. ಸಂದರ್ಶನದ ದಿನ ಗೊತ್ತುಮಾಡಲು ಅವರು ಬರೆದಾಗ ‘ಐ ವಿಲ್ ಬಿ ಔಟ್ ಆಫ್ ಸ್ಟೇಷನ್’ ಎಂದು ಉತ್ತರಿಸಿದರೆ, ಯಾವ ಸ್ಟೇಷನ್ ಎಂದು ಓದಿದವರು ತಬ್ಬಿಬ್ಬಾಗಬಹುದು. ಅಂಥ ಕಡೆ ‘ಐ ವಿಲ್ ಬಿ ಔಟ್ ಆಫ್ ಟೌನ್’ ಅಥವಾ ‘ಐ ವಿಲ್ ಬಿ ಅವೇ’ ಎಂದು ಬರೆಯಿರಿ. ನಡುವೆ ‘ದಿ’ ಸೇರಿಸಿದರಂತೂ ಅರ್ಥವೇ ಬದಲಾಗುತ್ತದೆ: ‘ದಿ ಟ್ರೇನ್ ಪುಲ್ಡ್ ಔಟ್ ಆಫ್ ದಿ ಸ್ಟೇಷನ್’ ಎಂದರೆ ರೈಲು ನಿಲ್ದಾಣದಿಂದ ಹೊರಟಿತು ಎಂದು.

ಕೊನೆಯದಾಗಿ, ಪರೀಕ್ಷೆಯಲ್ಲಿ ಅಂಕ ಕಳೆಯುವ ಒಂದು ಜೋಡಿ. ಉಚ್ಚಾರದಲ್ಲಿ ಎರಡೂ ‘ಸ್ಟೇಷನರಿ’. ಕೊನೆಯಲ್ಲಿ ‘ಎಆರ್‌ವೈ’ ಇದ್ದರೆ ಚಲಿಸದೆ ನಿಂತಿರುವ ಎಂದರ್ಥ. ‘ಇಆರ್‌ವೈ’ ಇದ್ದರೆ ಕಾಗದ, ಪೆನ್ನು ಮೊದಲಾದ ಲೇಖನ ಸಾಮಗ್ರಿ. ಎರಡನೆಯದಕ್ಕೂ ನಿಲ್ಲುವುದಕ್ಕೂ ಏನು ಸಂಬಂಧ? ಮಧ್ಯಯುಗದ ಯುರೋಪಿನಲ್ಲಿ ಊರೂರು ಅಲೆಯದೆ ಒಂದೇ ಕಡೆ ಅಂಗಡಿ ಇಟ್ಟವನಿಗೆ, ಮುಖ್ಯವಾಗಿ ಪುಸ್ತಕ ವ್ಯಾಪಾರಿಗೆ, ‘ಸ್ಟೇಷನರ್’ ಎಂಬ ಹೆಸರಿತ್ತು. ಅವನು ಮಾರಿದ ಸಾಮಾನು ‘ಸ್ಟೇಷನರಿ’ಯಾಯಿತು. ‘ಎನ್ವಲಪ್’ ಶುರುವಾಗುವುದು ‘ಇ’ ಅಕ್ಷರದಿಂದ ಎಂದು ನೆನಪಿಟ್ಟುಕೊಂಡರೆ ಲೇಖನ ಸಾಮಗ್ರಿಯ ಕಾಗುಣಿತ ತಪ್ಪುವುದಿಲ್ಲ.