ಬಿಸಿಲ ನಾಡಿಗೆ ಹೊರಟವರ ಪೆಟ್ಟಿಗೆ

ದೂರದ ಊರಿಗೆ ಹೊರಡುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: “ಅಲ್ಲಿ ಎಷ್ಟು ಡಿಗ್ರಿ ಬಿಸಿಲು?” ಉತ್ತರ ದೊರೆತೊಡನೆ ಪೆಟ್ಟಿಗೆಗೆ ಬಟ್ಟೆಬರೆಗಳನ್ನು ತುಂಬತೊಡಗುತ್ತಾರೆ. ಆದರೆ ಉಷ್ಣಮಾಪಕವು ತೋರಿಸುವ ಆ ಒಂದು ಅಂಕೆಯು ಪ್ರವಾಸಿಯು ಅರಿಯಬೇಕಾದುದರಲ್ಲಿ ಅರ್ಧವನ್ನು ಮಾತ್ರ ಹೇಳುವುದು. ಉಳಿದ ಅರ್ಧವು ಗಾಳಿಯಲ್ಲಿರುವ ನೀರಾವಿಯಲ್ಲಿ ಅಡಗಿದೆ. ಪ್ರವೇಶ ಪರೀಕ್ಷೆಗಳು, ಮದುವೆಗಳು, ಜಾತ್ರೆಗಳು ನಮ್ಮಲ್ಲಿ ಬೇಸಗೆಯಲ್ಲಿಯೇ ಒದಗುವುದರಿಂದ, ವಿದ್ಯಾರ್ಥಿಗಳಾದ ವಾಚಕರಲ್ಲಿ ಅನೇಕರು ಒಂದಲ್ಲ ಒಂದು ವರ್ಷ ಏಪ್ರಿಲ್–ಮೇ ತಿಂಗಳಲ್ಲಿ ಬಿಸಿಲ ನಾಡಿಗೆ ಹೋಗಬೇಕಾಗುವುದು. ಆಗ ಈ ಉಳಿದರ್ಧವನ್ನು ಅರಿಯದಿದ್ದರೆ ಜೀವಕ್ಕೇ ಅಪಾಯ ಒದಗಬಹುದು. ಕಲಬುರಗಿಯನ್ನು ಉದಾಹರಣೆಯಾಗಿಟ್ಟುಕೊಂಡು ಈ ವಿಷಯವನ್ನು ಪರಿಶೀಲಿಸೋಣ.

ಊರಿನ ನೆಲೆ

ಹಿಂದೆ ದಾಖಲೆಗಳಲ್ಲಿ ಗುಲ್ಬರ್ಗ ಎನಿಸಿಕೊಂಡಿದ್ದ ಈ ನಗರವು ೨೦೧೪ರ ನವೆಂಬರ್ ೧ರಿಂದ ಅಧಿಕೃತವಾಗಿಯೂ ಕಲಬುರಗಿಯಾಗಿದೆ. ಇದರ ಉತ್ತರ ಅಕ್ಷಾಂಶ ಸುಮಾರು ೧೭ ಡಿಗ್ರಿ ೨೦ ಮಿನಿಟು. ಸಮುದ್ರಮಟ್ಟದಿಂದ ಎತ್ತರ ಸುಮಾರು ೪೫೦ ಮೀಟರು, ಎಂದರೆ ಬೆಂಗಳೂರಿನ ಎತ್ತರದ ಅರ್ಧದಷ್ಟು. ಅರಬ್ಬೀ ಸಮುದ್ರವು ಇಲ್ಲಿಂದ ೩೫೦ ಕಿಲೋಮೀಟರಿಗೂ ಹೆಚ್ಚು ದೂರ; ನಡುವೆ ಸಹ್ಯಾದ್ರಿಯ ಅಡ್ಡಗೋಡೆ. ಬೇಸಗೆಯಲ್ಲಿ ಒಳನಾಡಿನ ಒಣಗಾಳಿಯೇ ಇಲ್ಲಿ ಬೀಸುವುದು. ಮಳೆಗಾಲದಲ್ಲಿಯೂ ಸಮುದ್ರದ ಗಾಳಿಯು ತನ್ನ ತೇವದ ಬಹುಪಾಲನ್ನು ಬೆಟ್ಟಗಳ ಪಶ್ಚಿಮದ ಮಗ್ಗುಲಿನಲ್ಲಿ ಸುರಿಸಿಯೇ ಇತ್ತ ಬರುವುದು. ಮಂಗಳೂರಿನಲ್ಲಿ ವರ್ಷಕ್ಕೆ ೩,೫೦೦ ಮಿಲಿಮೀಟರಿಗೂ ಮೀರಿ ಮಳೆಯಾದರೆ ಇಲ್ಲಿ ಬೀಳುವುದು ೮೦೦ರ ಆಸುಪಾಸು.

ಕಲಬುರಗಿಯಲ್ಲಿ ಸೂರ್ಯನು ವರ್ಷಕ್ಕೆ ಎರಡು ಬಾರಿ ನಡುನೆತ್ತಿಗೆ ಬರುತ್ತಾನೆ: ಮೇ ತಿಂಗಳ ಎರಡನೆಯ ವಾರದಲ್ಲಿ ಒಮ್ಮೆ, ಆಗಸ್ಟ್ ಮೊದಲ ವಾರದಲ್ಲಿ ಇನ್ನೊಮ್ಮೆ. ಕಿರಣಗಳು ಎರಡು ಬಾರಿಯೂ ನೇರವಾಗಿಯೇ ಬೀಳುವುವು. ಹಾಗಿದ್ದೂ ಮೇ ತಿಂಗಳ ಮಧ್ಯಾಹ್ನ ೪೦ ಡಿಗ್ರಿ ಸೆಲ್ಸಿಯಸ್ ದಾಟುವ ಪಾದರಸವು ಆಗಸ್ಟಿನಲ್ಲಿ ಸುಮಾರು ೩೧ಕ್ಕೇ ನಿಲ್ಲುವುದು. ಆಗಸ್ಟಿನಲ್ಲಿ ಮೋಡಗಳು ಬಿಸಿಲಿನ ಒಂದು ಭಾಗವನ್ನು ತಡೆಯುವುವು. ನೆಲಕ್ಕೆ ತಲುಪಿದ ಶಾಖದಲ್ಲಿಯೂ ಬಹಳಷ್ಟು ಒದ್ದೆ ಮಣ್ಣಿನ ನೀರನ್ನು ಆವಿಯಾಗಿಸುವುದಕ್ಕೆ ವೆಚ್ಚವಾಗುವುದು. ಮೇ ತಿಂಗಳಲ್ಲಿ ಎರೆಮಣ್ಣು ಒಣಗಿ ಬಿರುಕು ಬಿಟ್ಟಿರುವುದು. ಆವಿಯಾಗಲು ನೀರೇ ಇಲ್ಲ. ಬಿದ್ದ ಶಾಖವೆಲ್ಲ ನೆಲವನ್ನೂ ಗಾಳಿಯನ್ನೂ ಕಾಯಿಸುವುದು.

ಎರಡು ಊರು, ಎರಡು ಬಗೆಯ ಸೆಕೆ

ಈಗ ಮೇ ತಿಂಗಳ ಒಂದು ಮಧ್ಯಾಹ್ನವನ್ನು ಊಹಿಸಿಕೊಳ್ಳೋಣ. ಕಲಬುರಗಿಯಲ್ಲಿ ಉಷ್ಣತೆ ೪೦ ಡಿಗ್ರಿ, ಸಾಪೇಕ್ಷ ಆರ್ದ್ರತೆ ಶೇಕಡ ೨೦. ಮಂಗಳೂರಿನಲ್ಲಿ ಉಷ್ಣತೆ ೩೪ ಡಿಗ್ರಿ, ಆರ್ದ್ರತೆ ಶೇಕಡ ೭೦. ಒಂದು ಘನಮೀಟರ್ ಗಾಳಿಯಲ್ಲಿರುವ ನೀರಾವಿಯನ್ನು ಲೆಕ್ಕ ಹಾಕಿದರೆ ಕಲಬುರಗಿಯಲ್ಲಿ ಸುಮಾರು ೧೦ ಗ್ರಾಂ, ಮಂಗಳೂರಿನಲ್ಲಿ ಸುಮಾರು ೨೬ ಗ್ರಾಂ ಬರುವುದು. ಒಂದು ಉಷ್ಣಮಾಪಕದ ಬುಡ್ಡಿಗೆ ಒದ್ದೆಯ ಬಟ್ಟೆಯನ್ನು ಸುತ್ತಿ ಗಾಳಿ ಬೀಸಿದರೆ, ನೀರು ಆವಿಯಾಗುತ್ತ ಬುಡ್ಡಿಯು ತಂಪಾಗುವುದು. ಹೀಗೆ ದೊರೆಯುವ ಅಂಕೆಗೆ ಆರ್ದ್ರಗೋಳದ ಉಷ್ಣತೆ ಎಂದು ಹೆಸರು. ಮೇಲಿನ ಸಂದರ್ಭದಲ್ಲಿ ಇದು ಕಲಬುರಗಿಯಲ್ಲಿ ೨೩ ಡಿಗ್ರಿಯ ಸಮೀಪಕ್ಕೆ ಇಳಿಯುವುದು. ಮಂಗಳೂರಿನಲ್ಲಿ ೨೯ಕ್ಕಿಂತ ಕೆಳಗೆ ಬಾರದು. ಕಲಬುರಗಿಯ ಮನೆಗಳಲ್ಲಿ ಮಡಕೆಯ ನೀರು ಹಿತವಾಗಿ ತಣ್ಣಗಿರುವುದಕ್ಕೂ, ನೀರಿನಿಂದ ಗಾಳಿಯನ್ನು ತಂಪುಮಾಡುವ ಕೂಲರ್ ಯಂತ್ರವು ಅಲ್ಲಿ ಚೆನ್ನಾಗಿ ನಡೆದು ಕರಾವಳಿಯಲ್ಲಿ ಸೋಲುವುದಕ್ಕೂ ಇದೇ ಕಾರಣ.

ನಮ್ಮ ದೇಹವೂ ಒಂದು ಬಗೆಯ ಮಡಕೆಯೇ. ಸುಮ್ಮನೆ ಕುಳಿತ ಮನುಷ್ಯನ ದೇಹವು ನೂರು ವಾಟಿನ ದೀಪದಷ್ಟು ಶಾಖವನ್ನು ಎಡೆಬಿಡದೆ ಉತ್ಪಾದಿಸುತ್ತಿರುವುದು. ಒಳಗಿನ ಉಷ್ಣತೆ ೩೭ ಡಿಗ್ರಿಯ ಸುತ್ತ ಉಳಿಯಬೇಕಾದರೆ ಈ ಶಾಖವು ಹೊರಹೋಗಲೇಬೇಕು. ಚರ್ಮದ ಉಷ್ಣತೆ ಸುಮಾರು ೩೫ ಡಿಗ್ರಿ. ಗಾಳಿಯು ಇದಕ್ಕಿಂತ ಬಿಸಿಯಾದಾಗ ಶಾಖವು ಗಾಳಿಯಿಂದ ದೇಹದತ್ತ ಹರಿಯತೊಡಗುವುದು. ಆಗ ಉಳಿಯುವ ದಾರಿ ಬೆವರೊಂದೇ. ಒಂದು ಗ್ರಾಂ ಬೆವರು ಆವಿಯಾಗುವಾಗ ಸುಮಾರು ೫೮೦ ಕ್ಯಾಲೊರಿ ಶಾಖವನ್ನು ಒಯ್ಯುವುದು. ಚರ್ಮದಿಂದ ತೊಟ್ಟಿಕ್ಕಿ ಕೆಳಗೆ ಬಿದ್ದ ಬೆವರು ತಂಪನ್ನುಂಟುಮಾಡದು. ಮಂಗಳೂರಿನ ಸೆಕೆ ಅಸಹನೀಯವೆನಿಸುವುದು ಬೆವರು ಆರದಿರುವುದರಿಂದ.

ಕಲಬುರಗಿಯ ಒಣ ಗಾಳಿಯಲ್ಲಿ ಬೆವರು ಹೊಮ್ಮಿದ ಕ್ಷಣದಲ್ಲಿಯೇ ಆರಿಹೋಗುವುದು. ಇದು ಉಪಕಾರವೂ ಹೌದು, ಮೋಸವೂ ಹೌದು. ಅಂಗಿ ಒದ್ದೆಯಾಗದುದನ್ನು ಕಂಡು ಕರಾವಳಿಯಿಂದ ಬಂದ ಹುಡುಗನು ತನಗೆ ಬೆವರೇ ಬರಲಿಲ್ಲವೆಂದು ಭಾವಿಸಬಹುದು. ವಾಸ್ತವವಾಗಿ ಬಿಸಿಲಿನಲ್ಲಿ ಬಿರುಸಾಗಿ ನಡೆಯುವವನು ಗಂಟೆಗೆ ಒಂದು ಲೀಟರಿನಷ್ಟು ನೀರನ್ನು ಕಳೆದುಕೊಳ್ಳಬಲ್ಲನು. ಬಾಯಾರಿಕೆಯ ಸೂಚನೆ ತಡವಾಗಿಯೇ ಬರುವುದು.

ಬೇಸಗೆಯ ಪೆಟ್ಟಿಗೆ

ಆದುದರಿಂದ ಪೆಟ್ಟಿಗೆಯಲ್ಲಿ ಮೊದಲ ಸ್ಥಾನ ನೀರಿನ ಪಾತ್ರೆಗೆ. ಅದರೊಡನೆ ಔಷಧದ ಅಂಗಡಿಯಲ್ಲಿ ದೊರೆಯುವ ಓ.ಆರ್.ಎಸ್. ಪೊಟ್ಟಣಗಳು ನಾಲ್ಕಾರು ಇರಲಿ. ಅವು ದೊರೆಯದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಹಾಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿಕೊಳ್ಳಬಹುದು. ಬೆವರಿನೊಡನೆ ಹೋಗುವ ಲವಣವು ಇದರಿಂದ ಮರಳಿ ಬರುವುದು.

ಎರಡನೆಯದು ಬಟ್ಟೆ. ಸೆಕೆಯೆಂದು ತೋಳಿಲ್ಲದ ಅಂಗಿ ತೊಡುವುದು ಕರಾವಳಿಯಲ್ಲಿ ಸರಿಯಾದೀತು. ೪೨ ಡಿಗ್ರಿಯ ಗಾಳಿಯಲ್ಲಿ ಬರಿಮೈಯು ಬಿಸಿಲನ್ನೂ ಬಿಸಿಗಾಳಿಯನ್ನೂ ನೇರವಾಗಿ ಹೀರುವುದು. ತಿಳಿಬಣ್ಣದ, ಸಡಿಲವಾದ, ತುಂಬುತೋಳಿನ ಹತ್ತಿಯ ಉಡುಪು ಇಲ್ಲಿ ಉತ್ತಮ. ಬಟ್ಟೆಗೂ ಚರ್ಮಕ್ಕೂ ನಡುವೆ ಗಾಳಿಯಾಡುತ್ತಿದ್ದರೆ ಬೆವರು ಆರುವ ಕೆಲಸ ನಿಲ್ಲದು.

ಮೂರನೆಯದು ಕೊಡೆ. ಪತ್ರಿಕೆಗಳಲ್ಲಿ ಅಚ್ಚಾಗುವ ಅಂಕೆಯು ನೆರಳಿನ ಉಷ್ಣತೆಯೆಂಬುದನ್ನು ಮರೆಯಬಾರದು. ಹವಾಮಾನ ಕೇಂದ್ರಗಳಲ್ಲಿ ಉಷ್ಣಮಾಪಕವನ್ನು ಗಾಳಿಯಾಡುವ ಬಿಳಿಯ ಮರದ ಪೆಟ್ಟಿಗೆಯೊಳಗೆ ಇಡುತ್ತಾರೆ. ಸ್ಕಾಟ್ಲೆಂಡಿನಲ್ಲಿ ದೀಪಸ್ತಂಭಗಳನ್ನು ಕಟ್ಟಿದ ಎಂಜಿನಿಯರ್ ಥಾಮಸ್ ಸ್ಟೀವನ್‌ಸನ್ ಇದನ್ನು ರಚಿಸಿದವನು. ಕಾದಂಬರಿಕಾರ ರಾಬರ್ಟ್ ಲೂಯಿ ಸ್ಟೀವನ್‌ಸನ್ ಇವನ ಮಗ. ಮನುಷ್ಯನಿಗೆ ಅಂಥ ಪೆಟ್ಟಿಗೆಯ ಆಶ್ರಯವಿಲ್ಲ. ನಡುಹಗಲಿನಲ್ಲಿ ಒಂದು ಚದರ ಮೀಟರ್ ನೆಲದ ಮೇಲೆ ಬೀಳುವ ಬಿಸಿಲು ಸಾವಿರ ವಾಟಿನ ಸಮೀಪಕ್ಕೆ ಬರುವುದು. ಕೊಡೆಯು ಮಳೆಗಿಂತ ಬಿಸಿಲಿಗೇ ಇಲ್ಲಿ ಹೆಚ್ಚು ಬೇಕು.

ನಾಲ್ಕನೆಯದು ಹತ್ತಿಯ ಒಂದು ದೊಡ್ಡ ವಸ್ತ್ರ. ಅದನ್ನು ನೀರಿನಲ್ಲಿ ಅದ್ದಿ ಕೊರಳಿಗೆ ಸುತ್ತಿಕೊಂಡರೆ, ಬೆವರಿನ ಕೆಲಸದಲ್ಲಿ ಒಂದು ಪಾಲನ್ನು ಹೊರಗಿನ ನೀರೇ ವಹಿಸಿಕೊಳ್ಳುವುದು. ನಿತ್ಯ ಔಷಧ ಸೇವಿಸುವವರು, ಮುಖ್ಯವಾಗಿ ಇನ್ಸುಲಿನ್ ಬಳಸುವವರು, ಅದನ್ನು ಬಿಸಿಲಿಗೆ ನಿಂತ ಮೋಟಾರಿನಲ್ಲಿ ಬಿಡದೆ ತಂಪಾದ ಚೀಲದಲ್ಲಿ ಒಯ್ಯಬೇಕು.

ಪೆಟ್ಟಿಗೆಯಲ್ಲಿ ಹಿಡಿಸದ ಒಂದು ವಸ್ತುವೂ ಉಂಟು. ಅದೇ ವೇಳೆಯ ವಿವೇಕ. ಕಲಬುರಗಿ ವಿಭಾಗದಲ್ಲಿ ಬೇಸಗೆಯ ಎರಡು ತಿಂಗಳು ಸರ್ಕಾರಿ ಕಚೇರಿಗಳು ಬೆಳಗ್ಗೆ ೮ಕ್ಕೇ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುವ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. ಹೊರಗಿನಿಂದ ಬಂದವರೂ ಇದನ್ನೇ ಅನುಸರಿಸುವುದು ಲೇಸು.

ಎಚ್ಚರಿಕೆಯ ಮೇಲೂ ಯಾರಾದರೂ ಬಿಸಿಲಿನಲ್ಲಿ ತಡವರಿಸಿ ಮಾತನಾಡತೊಡಗಿದರೆ, ಮೈ ಸುಡುತ್ತ ಪ್ರಜ್ಞೆ ತಪ್ಪುವಂತೆ ಕಂಡರೆ, ಅದು ಬರಿಯ ಆಯಾಸವೆಂದು ಉಪೇಕ್ಷಿಸಬಾರದು. ದೇಹದ ಉಷ್ಣತೆ ೪೦ ಡಿಗ್ರಿ ಮುಟ್ಟುವ ಉಷ್ಣಾಘಾತವಿದು. ಪ್ರತಿ ನಿಮಿಷವೂ ಅಮೂಲ್ಯ. ೧೦೮ಕ್ಕೆ ಕರೆಮಾಡಿ, ರೋಗಿಯನ್ನು ನೆರಳಿಗೆ ಒಯ್ದು, ಮೈಮೇಲೆ ನೀರು ಸುರಿದು ಗಾಳಿ ಬೀಸಬೇಕು. ಪ್ರಜ್ಞೆಯಿಲ್ಲದವರ ಬಾಯಿಗೆ ನೀರು ಹಾಕಕೂಡದು.

ಮಳೆ ಮತ್ತು ಚಳಿ

ಜೂನ್ ತಿಂಗಳ ಆರಂಭದಲ್ಲಿ ಗಾಳಿಗೆ ತೇವ ಬರುವುದು, ಆದರೆ ಬಿಸಿಲಿನ್ನೂ ಇಳಿದಿರದು. ಪಾದರಸವು ನಾಲ್ಕು ಡಿಗ್ರಿ ಕೆಳಗಿದ್ದರೂ ಆ ದಿನಗಳು ಮೇ ತಿಂಗಳಿಗಿಂತ ಹೆಚ್ಚು ದಣಿಸುವುದುಂಟು. ಮಳೆಗಾಲದಲ್ಲಿ ಎರೆಮಣ್ಣು ನೀರು ಕುಡಿದು ಉಬ್ಬಿ ಅಂಟಾಗುವುದರಿಂದ, ಹಳ್ಳಿಗಳಿಗೆ ಹೋಗುವವರು ತೊಳೆಯಲು ಬರುವ ರಬ್ಬರಿನ ಪಾದರಕ್ಷೆಯನ್ನು ಒಯ್ಯಬೇಕು.

ಡಿಸೆಂಬರಿನ ಪ್ರಯಾಣಿಕನು ಬಿಸಿಲ ನಾಡೆಂಬ ಹೆಸರನ್ನು ನಂಬಿ ಕಂಬಳಿಯನ್ನು ಮನೆಯಲ್ಲಿ ಬಿಟ್ಟು ಬಂದರೆ ನಡುಗಬೇಕಾಗುವುದು. ಹಗಲು ೩೦ ಡಿಗ್ರಿಯ ಹತ್ತಿರವಿದ್ದ ಉಷ್ಣತೆ ಬೆಳಗಿನ ಜಾವಕ್ಕೆ ೧೫ಕ್ಕೂ ಅದಕ್ಕಿಂತ ಕೆಳಕ್ಕೂ ಇಳಿಯುವುದು. ರಾತ್ರಿ ನೆಲವು ಹೊರಚೆಲ್ಲುವ ಅವರಕ್ತ ಕಿರಣಗಳನ್ನು ಹೀರಿ ಹಿಂದಿರುಗಿಸುವುದು ಮುಖ್ಯವಾಗಿ ನೀರಾವಿ ಮತ್ತು ಮೋಡಗಳು. ಇವೆರಡೂ ವಿರಳವಾದ ನಿರ್ಮಲ ಆಕಾಶದ ಕೆಳಗೆ ನೆಲದ ಶಾಖವು ಸುಲಭವಾಗಿ ಸೋರಿಹೋಗುವುದು. ಮೇ ತಿಂಗಳಲ್ಲಿ ಮಡಕೆಯ ನೀರನ್ನು ತಣಿಸಿದ ಶುಷ್ಕತೆಯೇ ಡಿಸೆಂಬರಿನಲ್ಲಿ ಉಣ್ಣೆಯ ಅಂಗಿಯನ್ನು ಬೇಡುವುದು.

ಎರಡು ಉಷ್ಣಮಾಪಕಗಳು, ಒಂದು ತುಂಡು ಒದ್ದೆ ಬಟ್ಟೆ — ಇಷ್ಟಿದ್ದರೆ ವಾಚಕರು ತಮ್ಮ ಊರಿನಲ್ಲಿಯೇ ಈ ಪರೀಕ್ಷೆಯನ್ನು ಮಾಡಿ ನೋಡಬಹುದು. ಎರಡರ ಅಂಕೆಗಳ ನಡುವಣ ಅಂತರ ಹೆಚ್ಚಿದಷ್ಟೂ ಗಾಳಿಯು ಒಣಗಿದೆ ಎಂದರ್ಥ. ಪರವೂರಿಗೆ ಹೊರಡುವಾಗ ಅಲ್ಲಿಯ ಉಷ್ಣತೆಯೊಡನೆ ಆರ್ದ್ರತೆಯನ್ನೂ ಕೇಳಿ ತಿಳಿದುಕೊಂಡರೆ, ಪೆಟ್ಟಿಗೆಯಲ್ಲಿ ಏನಿರಬೇಕೆಂಬುದು ತಾನಾಗಿಯೇ ಹೊಳೆಯುವುದು.